ಮಿದುಳಿಗೆ ಮಹಡಿಗಳಿಲ್ಲ

ಸಸ್ತನಿಗಳ ಮಿದುಳಿನ ಬಗ್ಗೆ ಚಾಲ್ತಿಯಲ್ಲಿರುವ ತಿಳಿವಳಿಕೆ ಒಂದು ಕಟ್ಟಡದ ಚಿತ್ರ. ನೆಲಮಹಡಿಯಲ್ಲಿ ಹಲ್ಲಿಯ ಮಿದುಳು. ಹಸಿವು, ಹೆದರಿಕೆ, ಕಾದಾಟಗಳ ಠಾವು. ಅದರ ಮೇಲೆ ದನ, ನಾಯಿಗಳ ಮಿದುಳು. ಅಕ್ಕರೆ, ಸಿಟ್ಟು, ಕರುವಿನ ಮೇಲಿನ ಮಮತೆ ಅಲ್ಲಿ. ತುತ್ತತುದಿಯ ಮಹಡಿ ಮನುಷ್ಯನದು. ಮಾತು, ಲೆಕ್ಕ, ವಿವೇಕ. ವಿಕಾಸವೆಂದರೆ ಹಳೆಯದನ್ನು ಕೆಡವದೆ ಮೇಲೆ ಮೇಲೆ ಕಟ್ಟುತ್ತ ಹೋದ ಮೇಸ್ತ್ರಿಯ ಕೆಲಸ ಎಂಬುದು ಈ ಚಿತ್ರದ ಸಾರ. ಅಮೆರಿಕದ ನರವಿಜ್ಞಾನಿ ಪಾಲ್ ಮ್ಯಾಕ್‌ಲೀನ್ 1960ರ ದಶಕದಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಕಾರ್ಲ್ ಸೇಗನ್ 1977ರ ‘ದ ಡ್ರ್ಯಾಗನ್ಸ್ ಆಫ್ ಈಡನ್’ ಪುಸ್ತಕದಲ್ಲಿ ಅದನ್ನು ಮನೆಮಾತಾಗಿಸಿದರು. ಮ್ಯಾಕ್‌ಲೀನರ ದೊಡ್ಡ ಗ್ರಂಥ 1990ರಲ್ಲಿ ಹೊರಬರುವ ಹೊತ್ತಿಗೆ ಮಿದುಳುಗಳನ್ನು ಹೋಲಿಸಿ ನೋಡುವ ಕಸುಬಿನವರು ಅದನ್ನು ಕೈಬಿಟ್ಟಾಗಿತ್ತು. ಉಳಿದ ಲೋಕ ಬಿಟ್ಟಿಲ್ಲ.

ಕನ್ನಡದಲ್ಲಂತೂ ಅದು ಮೂರು ಬಾಗಿಲಿನಿಂದ ಒಳಗೆ ಬಂದಿದೆ. ವ್ಯಕ್ತಿತ್ವ ವಿಕಸನದ ಶಿಬಿರಗಳು ‘ನಿಮ್ಮೊಳಗಿನ ಸರೀಸೃಪ’ವನ್ನು ಪಳಗಿಸುವುದು ಹೇಗೆಂದು ಹೇಳಿಕೊಡುತ್ತವೆ. ಜೀವಶಾಸ್ತ್ರದ ಪುಸ್ತಕಗಳಲ್ಲಿ ಮೀನು, ಕಪ್ಪೆ, ಹಲ್ಲಿ, ಹಕ್ಕಿ, ಮೊಲ, ಮನುಷ್ಯ ಎಂಬ ಸಾಲಿನಲ್ಲಿ ಮಿದುಳುಗಳು ಒಂದಕ್ಕಿಂತ ಒಂದು ಉಬ್ಬುತ್ತ ನಿಂತಿರುತ್ತವೆ. ಮೂರನೆಯದು ವೇದಿಕೆಯ ಭಾಷಣ: ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಎಂಬ ಅವತಾರಗಳ ಸಾಲೇ ಡಾರ್ವಿನ್ನನ ಸಿದ್ಧಾಂತದ ಮುನ್ನೋಟವಂತೆ. ಪುರಾಣವಾಗಿ ಆ ಸಾಲು ಸೊಗಸು, ಜೀವವಿಜ್ಞಾನವಾಗಿ ಕುಂಟು. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯ ಮಡುವಿನ ಮೀನುಗಳು ಆಮೆಯಾಗುವ ಸರದಿಗೆ ಕಾದು ನಿಂತಿಲ್ಲ. ಮೀನಾಗಿಯೇ ಕೋಟ್ಯಂತರ ವರ್ಷಗಳ ವಿಕಾಸ ಅವುಗಳಿಗೂ ಆಗಿದೆ.

ಮೊದಲು ನೆಲಮಹಡಿಯನ್ನೇ ನೋಡಬೇಕು. ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ ಕನ್ನಡಿಗರಿಗೆ ಚಿರಪರಿಚಿತವಾಗಿಸಿದ ಹಾರುವ ಓತಿ ಆಗುಂಬೆಯ ಕಾಡಿನಲ್ಲೂ ಇದೆ. ಮೂರಂತಸ್ತಿನ ಸಿದ್ಧಾಂತದ ಪ್ರಕಾರ ಅದರ ತಲೆಯಲ್ಲಿರುವುದು ಮನುಷ್ಯನ ಮಿದುಳಿನ ಅಡಿಪಾಯ ಮಾತ್ರ. ಅಂಗರಚನೆ ಬೇರೆಯೇ ಹೇಳುತ್ತದೆ. ಓತಿಗಳ ಮಿದುಳಿನಲ್ಲೂ ಕಾರ್ಟೆಕ್ಸ್ ಎಂಬ ತೊಗಟೆ ಇದೆ. ಸಸ್ತನಿಗಳದು ಆರು ಪದರದ್ದಾದರೆ ಅವುಗಳದು ಮೂರು ಪದರದ್ದು. ಜಾಗ ನೆನಪಿಡುವ ಹಿಪೊಕ್ಯಾಂಪಸ್‌ಗೆ ಸಮನಾದ ಭಾಗವಿದೆ, ಭಯಕ್ಕೂ ಒಲವಿಗೂ ಸಂಬಂಧಪಟ್ಟ ಅಮಿಗ್ಡಾಲಕ್ಕೆ ಸಮನಾದದ್ದೂ ಇದೆ. ಚಲನೆಯನ್ನು ಆಯ್ದುಕೊಳ್ಳುವ ಬೇಸಲ್ ಗ್ಯಾಂಗ್ಲಿಯಾ ದವಡೆಯೇ ಇಲ್ಲದ ಲ್ಯಾಂಪ್ರೆ ಮೀನಿನಲ್ಲೂ ಕಾಣಸಿಗುತ್ತದೆ. ಅಂದರೆ ಕಟ್ಟಡದ ಎಲ್ಲ ಕೋಣೆಗಳೂ ಬೆನ್ನೆಲುಬಿನ ಪ್ರಾಣಿಗಳೆಲ್ಲದರಲ್ಲಿ ಮೊದಲಿನಿಂದಲೇ ಇದ್ದವು. ಸರೀಸೃಪಗಳ ವಂಶವೂ ಸಸ್ತನಿಗಳ ವಂಶವೂ ಕವಲೊಡೆದು ಸುಮಾರು 32 ಕೋಟಿ ವರ್ಷಗಳಾದವು. ಓತಿ ಮನುಷ್ಯನ ಅಜ್ಜನಲ್ಲ, ಬಲು ದೂರದ ದಾಯಾದಿ. ದಾಯಾದಿಯ ಮನೆಯನ್ನು ತನ್ನ ಮನೆಯ ನೆಲಮಹಡಿ ಎಂದು ಹೇಳಿಕೊಳ್ಳುವ ಹಕ್ಕು ಯಾವ ಕಾಗದಪತ್ರದಲ್ಲೂ ಇಲ್ಲ.

ಹೆದರಿಕೆ ಹಳೆಯ ಮಿದುಳಿನದು ಎಂಬ ಮಾತಿಗೂ ಇದೇ ಗತಿ. ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಮಂಗಗಳನ್ನು ಓಡಿಸಲು ಸಾಕಿದ ನಾಯಿಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟ ಸುದ್ದಿ 2019ರ ಕೊನೆಯಲ್ಲಿ ದೇಶವಿಡೀ ಓಡಾಡಿತು. ನಗುವವರು ನಕ್ಕರು, ಉಪಾಯದ ತರ್ಕ ಮಾತ್ರ ಗಟ್ಟಿ. ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಕ್ಷಿಣ ಭಾರತದ ಮಂಗಗಳು ಚಿರತೆಯ ಗೊಂಬೆಯನ್ನು ಗುರುತಿಸಿದ್ದು ಮುಖ್ಯವಾಗಿ ಹಳದಿ ಮೈಮೇಲಿನ ಕಪ್ಪು ಚುಕ್ಕೆಗಳಿಂದ. ಚುಕ್ಕೆ ಕಾಣದ ಕರಿಚಿರತೆಯ ಗೊಂಬೆಗೆ ಅವು ಅಷ್ಟಾಗಿ ಬೆದರಲಿಲ್ಲ. ಮಂಗನ ಜಾತಿಯ ಮಿದುಳಿನಲ್ಲಿ ಇಂಥ ಆಕಾರಗಳನ್ನು ಥಟ್ಟನೆ ಹಿಡಿಯುವ ದಾರಿಗಳಲ್ಲೊಂದು ಥಾಲಮಸ್ಸಿನ ಪಲ್ವಿನಾರ್ ಎಂಬ ಭಾಗದ ಮೂಲಕ ಹಾದುಹೋಗುತ್ತದೆ. ಹಾವನ್ನೇ ಕಂಡಿರದ ಜಪಾನಿ ಕೋತಿಗಳ ಪಲ್ವಿನಾರ್ ನರಕೋಶಗಳು ಹಾವಿನ ಚಿತ್ರಕ್ಕೆ ಬೇಗನೆ, ಬಲವಾಗಿ ಸ್ಪಂದಿಸುತ್ತವೆ ಎಂದು 2013ರಲ್ಲಿ ತೋರಿಸಲಾಯಿತು. ಈ ಪಲ್ವಿನಾರ್ ಇಲಿ, ಹೆಗ್ಗಣಗಳಲ್ಲಿ ಪುಟ್ಟದು. ಕೋತಿ, ವಾನರ, ಮನುಷ್ಯರಲ್ಲಿ ಭಾರಿಯಾಗಿ ಬೆಳೆದದ್ದು. ಮಂಗ ಚಿರತೆಗೆ ಬೆದರುವುದರಲ್ಲಿ ‘ಹಲ್ಲಿ ಮಿದುಳಿ’ನ ಪಾಲಿಗಿಂತ ಮಂಗನದೇ ವಂಶದಲ್ಲಿ ಬೆಳೆದ ವೈರಿಂಗಿನ ಪಾಲು ದೊಡ್ಡದು. ಅದೇ ಮಂಗ ನಾಲ್ಕು ದಿನ ನೋಡಿದ ಗೊಂಬೆಹುಲಿಯ ಮೇಲೆ ಹತ್ತಿ ಕೂರುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತು. ಕಲಿಕೆಯೂ ಹೆದರಿಕೆಯೂ ಬೇರೆ ಬೇರೆ ಮಹಡಿಯಲ್ಲಿ ಬಾಡಿಗೆಗಿರುವ ಸಂಸಾರಗಳಲ್ಲ.

ಮಹಡಿಗಳು ಹೋದರೆ ಉಳಿಯುವುದು ತಂತಿಗಳು. ಸಸ್ತನಿಗಳೆಲ್ಲ ಒಂದೇ ಹಳೆಯ ನಕ್ಷೆಯಿಂದ ಹೊರಟವು. ನೋಟ, ಸ್ಪರ್ಶ, ಶ್ರವಣಗಳ ಮೂಲ ಪ್ರದೇಶಗಳು ಪ್ಲಾಟಿಪಸ್‌ನಿಂದ ಹಿಡಿದು ಕಾಟಿಯವರೆಗೆ ತೊಗಟೆಯಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿವೆ. ಆದಿಮ ಸಸ್ತನಿಯ ತೊಗಟೆಯಲ್ಲಿ ಸುಮಾರು 20 ಪ್ರದೇಶಗಳಿದ್ದವು ಎಂಬುದು ಅಮೆರಿಕದ ಜಾನ್ ಕಾಸ್ ಅವರ ಅಂದಾಜು. ಮನುಷ್ಯನ ಒಂದೊಂದು ಅರ್ಧಗೋಳದಲ್ಲಿ 180 ಎಂದು 2016ರಲ್ಲಿ ಎಣಿಸಲಾಯಿತು. ವಿಕಾಸವನ್ನು ಮನುಷ್ಯನವರೆಗೆ ಏರುವ ಏಣಿ ಎಂದು ಕಾಣುವ ಪಕ್ಷದವರು ಈ ಎರಡು ಅಂಕಿಗಳ ನಡುವೆ ಗೆರೆ ಎಳೆದು ನೆಮ್ಮದಿಯಾಗುತ್ತಾರೆ. ಪ್ರದೇಶಗಳ ಎಣಿಕೆಯಿಂದ ತಂತಿ ಹೇಗೆ ಎಳೆಯಲ್ಪಟ್ಟಿದೆ ಎಂಬುದು ತಿಳಿಯುವುದಿಲ್ಲ. ಊರಿನ ಮನೆ ಎಣಿಸಿದರೆ ಯಾರ ಮನೆಗೆ ಯಾವ ಕಾಲುದಾರಿ ಎಂದು ತಿಳಿಯದ ಹಾಗೆ.

ಎಡ ಬಲ ಮಿದುಳುಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್ ಎಂಬ ದಪ್ಪ ನರಕಟ್ಟು ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಅದು ಇರುವುದು ಮಾಸು ಬೆಳೆಸಿ ಮರಿ ಹಾಕುವ ಸಸ್ತನಿಗಳಲ್ಲಿ ಮಾತ್ರ. ಕಾಂಗರೂವಿನಂಥ ಹೊಟ್ಟೆಚೀಲದ ಪ್ರಾಣಿಗಳಲ್ಲಿ, ಮೊಟ್ಟೆಯಿಡುವ ಪ್ಲಾಟಿಪಸ್‌ನಲ್ಲಿ ಇಲ್ಲ. ಇದರಿಂದ ಆ ಪ್ರಾಣಿಗಳ ಎಡಗೈಯ ಸುದ್ದಿ ಬಲಗೈಗೆ ಸರಿಯಾಗಿ ಮುಟ್ಟದೆಂದೂ, ಕಲೋಸಮ್ ಎಂಬ ಹೊಸ ಸೇತುವೆಯೇ ಸಸ್ತನಿಗಳನ್ನು ಮೇಲಿನ ಮೆಟ್ಟಿಲಿಗೆ ಏರಿಸಿತೆಂದೂ ಬಹುಕಾಲ ನಂಬಲಾಗಿತ್ತು.

ಸಾಗರ ತಾಲ್ಲೂಕಿನವರಿಗೆ ಈ ವಾದದ ದೋಷ ಬೇಗ ಹೊಳೆಯಬೇಕು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ನಿಂತ ಮೇಲೆ ಶರಾವತಿಯ ಹಿನ್ನೀರು ಕರೂರು ಹೋಬಳಿಯನ್ನು ತಾಲ್ಲೂಕು ಕೇಂದ್ರದಿಂದ ಕತ್ತರಿಸಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈನಲ್ಲಿ ತೆರೆಯುವ ತನಕ ಆ ಹೋಬಳಿಯ ತುಮರಿಯವರು ಸಾಗರಕ್ಕೆ ಬರುತ್ತಿದ್ದುದು ಹೊಳೆಬಾಗಿಲಿನ ಲಾಂಚಿನಲ್ಲಿ. ಸೇತುವೆ ಬಂದು ದಾರಿ ಬದಲಾಯಿತು, ಹೊತ್ತು ಉಳಿಯಿತು. ಆದರೆ ಯಾವ ಮನೆಯವರಿಗೆ ಯಾವ ಪೇಟೆ ಅಂಗಡಿಯ ಲೆಕ್ಕ, ಯಾವ ಊರಿನ ನೆಂಟಸ್ತಿಕೆ ಎಂಬ ಸಂಬಂಧಗಳನ್ನು ಸೇತುವೆ ಹುಟ್ಟಿಸಲಿಲ್ಲ. ಲಾಂಚಿನ ಕಾಲದಲ್ಲೂ ಅವಿದ್ದವು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ರೊಡ್ರಿಗೊ ಸುವಾರೆಸ್ ಮತ್ತು ಸಂಗಡಿಗರು 2018ರಲ್ಲಿ ಡನಾರ್ಟ್ ಎಂಬ ಇಲಿಗಾತ್ರದ ಹೊಟ್ಟೆಚೀಲದ ಪ್ರಾಣಿಯನ್ನೂ ಪ್ಲಾಟಿಪಸ್ಸನ್ನೂ ಪರೀಕ್ಷಿಸಿ ಕಂಡದ್ದು ಇದೇ. ಎಡಬಲಗಳ ನಡುವೆ ಯಾವ ಭಾಗ ಯಾವ ಭಾಗಕ್ಕೆ ತಂತಿ ಕಳಿಸಬೇಕೆಂಬ ನಕ್ಷೆ ಅವುಗಳಲ್ಲೂ ಬಹುಪಾಲು ಅದೇ. ತಂತಿಗಳು ಸಾಗುವುದು ಮಾತ್ರ ಮುಂಭಾಗದ ಕಮಿಶರ್ ಎಂಬ ಹಳೆಯ ಕಡವಿನ ಮೂಲಕ. ಕಲೋಸಮ್ ಬರುವ ಮೊದಲೇ ಸಂಬಂಧಗಳು ಇದ್ದವು. ಅದು ಬಂದು ಹಾದಿಯನ್ನು ಬದಲಿಸಿತು.

ಟೆಲ್ ಅವಿವ್ ವಿಶ್ವವಿದ್ಯಾಲಯದ ಯಾನಿವ್ ಅಸಾಫ್, ಯೋಸಿ ಯೊವೆಲ್ ಮತ್ತಿತರರು 2020ರಲ್ಲಿ ಪ್ರಕಟಿಸಿದ ಕೆಲಸ ಏಣಿಗೆ ಇನ್ನೂ ದೊಡ್ಡ ಪೆಟ್ಟು. ಪುಟ್ಟ ಬಾವಲಿಯಿಂದ ಡಾಲ್ಫಿನ್‌ವರೆಗೆ 123 ಜಾತಿಯ ಸಸ್ತನಿಗಳ ಮಿದುಳನ್ನು ಅವರು ಎಂಆರ್‌ಐ ಯಂತ್ರದಲ್ಲಿಟ್ಟು ನರತಂತುಗಳ ಜಾಲವನ್ನು ಬಿಡಿಸಿ ನೋಡಿದರು. ಮಿದುಳು ಹಿರಿದಾಗಲಿ ಕಿರಿದಾಗಲಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸುದ್ದಿ ಮುಟ್ಟಲು ದಾಟಬೇಕಾದ ಕೊಂಡಿಗಳ ಸರಾಸರಿ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು. ಮನುಷ್ಯನದು ಆ ಸಾಲಿನಲ್ಲಿ ಎದ್ದು ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಹಂಚಿಕೆಯಲ್ಲಿ. ಎಡಬಲಗಳ ನಡುವೆ ತಂತಿ ಕಡಿಮೆ ಇರುವ ಜಾತಿಗಳಲ್ಲಿ ಒಂದೊಂದು ಅರ್ಧದ ಒಳಗಿನ ತಂತಿಗಳು ದಟ್ಟ. ಆಚೀಚೆ ಓಡಾಟ ಸಲೀಸಾಗಿರುವಲ್ಲಿ ಒಳಗಿನವು ತೆಳು. ಲಾಂಚು ತಪ್ಪಿದರೆ ರಾತ್ರಿ ಈಚೆ ದಡದಲ್ಲೇ ಕಳೆಯಬೇಕಾಗಿದ್ದ ಊರು ತನ್ನ ಅಂಗಡಿ, ಶಾಲೆ, ಆಟ–ಕೂಟಗಳನ್ನು ತನ್ನೊಳಗೇ ಗಟ್ಟಿ ಮಾಡಿಕೊಳ್ಳುವುದು ಸಹಜ. ಅದನ್ನು ಹಿಂದುಳಿಯುವಿಕೆ ಎನ್ನುವುದು ಅವಸರದ ತೀರ್ಪು.

ಇದರ ಹಿಂದೆ ಲೆಕ್ಕಾಚಾರದ ಒಂದು ಬಿಗಿ ಇದೆ. ಮಿದುಳು ದೊಡ್ಡದಾದಂತೆ ನರಕೋಶಗಳಿರುವ ಬೂದು ಭಾಗಕ್ಕಿಂತ ತಂತಿಗಳ ಬಿಳಿ ಭಾಗ ಜೋರಾಗಿ ಬೆಳೆಯುತ್ತದೆ. ಬೂದು ಭಾಗ ಹತ್ತು ಪಟ್ಟಾದರೆ ಬಿಳಿ ಭಾಗ ಸುಮಾರು ಹದಿನೇಳು ಪಟ್ಟು. ಒಂದೊಂದು ಗುಡ್ಡದ ಓರೆಗೆ ಒಂದೊಂದು ಒಂಟಿಮನೆ ಇರುವ ಹೊಸನಗರದಂಥ ಸೀಮೆಯಲ್ಲಿ ವಿದ್ಯುತ್ ಕಂಬ ನೆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರನ್ನೂ ಎಲ್ಲರಿಗೂ ಜೋಡಿಸುತ್ತ ಹೋದರೆ ತಲೆಬುರುಡೆಯಲ್ಲಿ ತಂತಿ ಬಿಟ್ಟು ಬೇರೇನೂ ಉಳಿಯದು, ಉದ್ದ ತಂತಿಯಲ್ಲಿ ಸುದ್ದಿಯೂ ತಡವಾಗಿ ಮುಟ್ಟುತ್ತದೆ. ಹಾಗಾಗಿ ಪ್ರತಿಯೊಂದು ವಂಶವೂ ಯಾವ ತಂತಿ ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಚೌಕಾಸಿಯಲ್ಲಿ ತನ್ನದೇ ಹಾದಿ ಹಿಡಿದಿದೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸಕ್ರೆಬೈಲು ಬಿಡಾರದ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೀಯುವುದನ್ನು ನೋಡಲು ಬರುವವರು ಆಡಿಕೊಳ್ಳುವ ಮಾತೊಂದಿದೆ: ಇಷ್ಟು ದೊಡ್ಡ ತಲೆ, ಅದಕ್ಕೇ ಇಷ್ಟು ಬುದ್ಧಿ. ದೊಡ್ಡ ಮಿದುಳೆಂದರೆ ಹೆಚ್ಚು ಬುದ್ಧಿ ಎಂಬುದು ಏಣಿಯ ವಾದದ ಇನ್ನೊಂದು ವೇಷ. ಆಫ್ರಿಕದ ಆನೆಯ ಮಿದುಳಿನಲ್ಲಿ ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ತಂಡ 2014ರಲ್ಲಿ ಎಣಿಸಿದ ನರಕೋಶಗಳು ಸುಮಾರು 25,700 ಕೋಟಿ. ಮನುಷ್ಯನವು 8,600 ಕೋಟಿ. ಆದರೆ ಆನೆಯ ನರಕೋಶಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಇರುವುದು ತಲೆಯ ಹಿಂಬದಿಯ ಕಿರುಮಿದುಳಿನಲ್ಲಿ. ತೊಗಟೆಯಲ್ಲಿರುವುದು ಸುಮಾರು 560 ಕೋಟಿ ಮಾತ್ರ, ಮನುಷ್ಯನಿಗೆ ಅಲ್ಲಿ 1,600 ಕೋಟಿ. ಇಲ್ಲಿಗೆ ನಿಲ್ಲಿಸಿದರೆ ‘ಹಾಗಾದರೆ ತೊಗಟೆಯ ಲೆಕ್ಕದಲ್ಲಿ ಮನುಷ್ಯನೇ ಮೇಲು’ ಎಂದು ಏಣಿಯವರು ಮತ್ತೆ ಎದ್ದು ನಿಲ್ಲುತ್ತಾರೆ. ಅವರಿಗಾಗಿಯೇ ಎಂಬಂತೆ ಉದ್ದರೆಕ್ಕೆಯ ಪೈಲಟ್ ತಿಮಿಂಗಿಲವಿದೆ. ಅದರ ತೊಗಟೆಯಲ್ಲಿ ಸುಮಾರು 3,700 ಕೋಟಿ. ಯಾವ ಅಳತೆಗೋಲು ಹಿಡಿದರೆ ಮನುಷ್ಯ ಮೊದಲು ಬರುತ್ತಾನೋ ಅದನ್ನೇ ಬುದ್ಧಿಯ ಅಳತೆ ಎಂದು ಕರೆಯುವ ಚಾಳಿ ಹಳೆಯದು.

ಆನೆಯ ಕಿರುಮಿದುಳು ಅಷ್ಟು ಊದಿಕೊಳ್ಳಲು ಕಾರಣ ಹುಡುಕಿದರೆ ಕಣ್ಣು ಹೋಗುವುದು ಸೊಂಡಿಲಿನತ್ತ. ಎಲುಬೇ ಇಲ್ಲದೆ, ಮರದ ದಿಮ್ಮಿಯನ್ನು ಎತ್ತುವ ಮತ್ತು ಕಡಲೆಕಾಯಿಯನ್ನು ಹೆಕ್ಕುವ ಎರಡೂ ಕೆಲಸ ಮಾಡುವ ಅಂಗ ಅದು. ಸೊಂಡಿಲಿನ ಸ್ಪರ್ಶ ಹೊತ್ತು ತರುವ ನರದ ಕಟ್ಟು ಆನೆಯ ಕಣ್ಣಿನ ನರಕ್ಕಿಂತ ದಪ್ಪ. ಬರ್ಲಿನ್ನಿನ ಮೈಕೆಲ್ ಬ್ರೆಕ್ಟ್ ತಂಡ 2022ರಲ್ಲಿ ಮುಖದ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಎಣಿಸಿದಾಗ ಏಷ್ಯಾದ ಆನೆಯಲ್ಲಿ ಸುಮಾರು 54,000, ಆಫ್ರಿಕದ್ದರಲ್ಲಿ ಸುಮಾರು 63,000 ಸಿಕ್ಕವು. ವ್ಯತ್ಯಾಸವೂ ಅರ್ಥಪೂರ್ಣ: ಆಫ್ರಿಕದ ಆನೆಯ ಸೊಂಡಿಲ ತುದಿಯಲ್ಲಿ ಎರಡು ಬೆರಳು, ಸಕ್ರೆಬೈಲಿನ ಆನೆಗೆ ಒಂದೇ. ಒಂದು ಬೆರಳಿನವು ಸೊಂಡಿಲನ್ನು ಸುತ್ತಿ ಅಪ್ಪಿ ಹಿಡಿಯುತ್ತವೆ, ಎರಡು ಬೆರಳಿನವು ಚಿಮಟದಂತೆ ಹಿಡಿಯುತ್ತವೆ. ಮಾವುತರಿಗೆ ತಿಳಿದಿರುವ ಆನೆಯ ಜಾಣ್ಮೆ ಈ ಮೂಗಿನ ಸುತ್ತ ಕಟ್ಟಿಕೊಂಡದ್ದು. ಮನುಷ್ಯನ ಬೆರಳಿನ ಸುತ್ತ ಕಟ್ಟಿಕೊಂಡದ್ದನ್ನು ಅದರಲ್ಲಿ ಹುಡುಕುವುದು ತಪ್ಪು ವಿಳಾಸಕ್ಕೆ ಹೋದ ಹಾಗೆ.

ಏಣಿಯ ಸಿದ್ಧಾಂತ ವಿದ್ವಾಂಸರನ್ನೇ ಹೇಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಬಾವಲಿಗಳ ಕತೆಯಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಮಲೆನಾಡಿನ ತೋಟದವರಿಗೆ ತೊಗಲುಬಾವಲಿ ಹೊಸದೇನಲ್ಲ. ಹಣ್ಣಡಿಕೆಯ ಸಿಪ್ಪೆ ಚೀಪಿ ಅವು ಉದುರಿಸಿದ ಅಡಿಕೆಯನ್ನು ಬೆಳಿಗ್ಗೆ ಆರಿಸಿ ತರುವುದೂ ಒಂದು ಕೆಲಸವೇ. ಈ ಬಾವಲಿ ದಾರಿ ಹುಡುಕುವುದು ದೊಡ್ಡ ಕಣ್ಣುಗಳಿಂದ, ಮೂಗಿನಿಂದ. ಆಸ್ಟ್ರೇಲಿಯದ ಜಾನ್ ಪೆಟಿಗ್ರೂ 1986ರಲ್ಲಿ ಇದೇ ಕುಲದ ಬಾವಲಿಗಳ ಕಣ್ಣಿನಿಂದ ನಡುಮಿದುಳಿಗೆ ಹೋಗುವ ತಂತಿಗಳನ್ನು ಹಿಂಬಾಲಿಸಿ ಬೆರಗಾದರು. ಇತರ ಸಸ್ತನಿಗಳಲ್ಲಿ ಒಂದು ಕಣ್ಣಿನ ಇಡೀ ನೋಟ ಎದುರುಬದಿಯ ನಡುಮಿದುಳಿಗೆ ಹೋಗುತ್ತದೆ. ಕೋತಿ, ಮನುಷ್ಯರಲ್ಲಿ ಹಾಗಲ್ಲ. ಎರಡೂ ಕಣ್ಣುಗಳಿಂದ ಎದುರುಬದಿಯ ಅರ್ಧ ನೋಟ ಮಾತ್ರ ಅಲ್ಲಿಗೆ ತಲುಪುತ್ತದೆ. ಹಣ್ಣುಬಾವಲಿಯಲ್ಲೂ ಈ ಕೋತಿಯ ಮಾದರಿಯೇ ಕಂಡಿತು. ಪೆಟಿಗ್ರೂ ತಮ್ಮ ಲೇಖನದ ತಲೆಬರಹದಲ್ಲೇ ಇದನ್ನು ‘ಮುಂದುವರಿದ’ ದಾರಿ ಎಂದರು. ಇಷ್ಟು ಮುಂದುವರಿದದ್ದು ಕೋತಿಯ ನೆಂಟನಲ್ಲದೆ ಇನ್ನೇನಾಗಿರಲು ಸಾಧ್ಯ ಎಂದು ಹಣ್ಣುಬಾವಲಿಗಳನ್ನು ಹಾರುವ ವಾನರ ಬಂಧುಗಳೆಂದು ಸಾರಿದರು. ಕೀಟ ತಿನ್ನುವ ಚಿಕ್ಕ ಬಾವಲಿಗಳು ಬೇರೆಯೇ ವಂಶದವು, ರೆಕ್ಕೆ ಎರಡು ಬಾರಿ ಹುಟ್ಟಿತು ಎಂಬುದು ಅವರ ನಿಲುವಾಗಿತ್ತು.

ಬೇರೊಂದು ಹಣ್ಣುಬಾವಲಿಯಲ್ಲಿ ಈ ತಂತಿಯ ಮಾದರಿ ಪೆಟಿಗ್ರೂ ಹೇಳಿದಂತಿಲ್ಲ ಎಂದು 1991ರಲ್ಲೇ ಜರ್ಮನಿಯಿಂದ ವರದಿ ಬಂತು. ಬಳಿಕ ಡಿಎನ್‌ಎ ಬಂದು ವ್ಯಾಜ್ಯವನ್ನು ಇತ್ಯರ್ಥ ಮಾಡಿತು: ಬಾವಲಿಗಳೆಲ್ಲ ಒಂದೇ ವಂಶ, ಕೋತಿಗಳಿಗೆ ಹತ್ತಿರದ ನೆಂಟಸ್ತಿಕೆ ಇಲ್ಲ. ಅಷ್ಟೇ ಅಲ್ಲ, ಹಣ್ಣುಬಾವಲಿಗೆ ಅತಿ ಹತ್ತಿರದ ಬಂಧುಗಳಲ್ಲಿ ಒಂದು ಕೀಟಭಕ್ಷಕ ಕುದುರೆಲಾಳ ಬಾವಲಿ. ಪಶ್ಚಿಮ ಘಟ್ಟದಲ್ಲಿ ರೌಕ್ಸನ ಕುದುರೆಲಾಳ ಬಾವಲಿ ಸಾಮಾನ್ಯ. ಅದರ ಮಿದುಳಿನ ವೈರಿಂಗು ಹಣ್ಣುಬಾವಲಿಯದಕ್ಕಿಂತ ಅಜಗಜಾಂತರ. ಮೂಗಿನಿಂದ ಅದು ಹೊರಡಿಸುವ ಕೂಗು 80 ಕಿಲೋಹರ್ಟ್ಸ್ ಆಸುಪಾಸಿನದು. ಮನುಷ್ಯನ ಕಿವಿ 20ಕ್ಕೇ ಸೋಲುತ್ತದೆ. ಹಾರುವಾಗ ಮರುದನಿಯ ಶ್ರುತಿ ಏರುವುದರಿಂದ ಈ ಬಾವಲಿ ತನ್ನ ಕೂಗಿನ ಶ್ರುತಿಯನ್ನು ಅಷ್ಟೇ ಇಳಿಸಿಕೊಂಡು ಮರುದನಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಹಾನ್ಸ್-ಉಲ್ರಿಚ್ ಶ್ನಿಟ್ಸ್ಲರ್ ಇದನ್ನು 1968ರಲ್ಲಿ ತೋರಿಸಿಕೊಟ್ಟರು. ಆ ಒಂದೇ ಕಿರಿದಾದ ಶ್ರುತಿಪಟ್ಟಿಗೆ ಒಳಗಿವಿಯ ಉದ್ದನೆಯ ಭಾಗವೂ ಶ್ರವಣ ತೊಗಟೆಯ ದೊಡ್ಡ ಪಾಲೂ ಮೀಸಲು. ಪತಂಗದ ರೆಕ್ಕೆಬಡಿತ ಮರುದನಿಯಲ್ಲಿ ಎಬ್ಬಿಸುವ ನಡುಕವನ್ನು ಅದು ಗುರುತಿಸುವುದು ಹೀಗೆ. ಮದುರೆಯಲ್ಲಿ ಎಂ.ಕೆ. ಚಂದ್ರಶೇಖರನ್ ಜೊತೆಗೂಡಿ ಭಾರತದ ಬಾವಲಿಗಳ ಸಂಶೋಧನೆಗೆ ತಳಹದಿ ಹಾಕಿದ ಗೆರ್ಹಾರ್ಡ್ ನಾಯ್‌ವೈಲರ್ ಈ ಕಿವಿಯ ರಚನೆಯನ್ನು ಬಿಡಿಸಿದವರಲ್ಲಿ ಪ್ರಮುಖರು.

ಹತ್ತಿರದ ಬಂಧುಗಳ ತಂತಿ ಇಷ್ಟು ದೂರ ಸರಿದಿದೆ, ದೂರದ ಅಪರಿಚಿತರ ತಂತಿ ಹೋಲುವಂತೆ ಕಾಣುತ್ತದೆ. ಒಂದೇ ಏಣಿಯಲ್ಲಿ ಇವುಗಳನ್ನು ಎಲ್ಲಿ ನಿಲ್ಲಿಸುವುದು?

ಕೆಂದಳಿಲಿನ ಗುಂಪಿನ ಪ್ರಸಂಗ ಬಾವಲಿಗಳ ಕತೆಗೆ ತಿರುವುಮುರುವು. ಹಗಲಿನಲ್ಲಿ ಕೊಂಬೆಯಿಂದ ಕೊಂಬೆಗೆ ಕರಾರುವಾಕ್ಕಾಗಿ ನೆಗೆಯುವ ಅಳಿಲುಗಳ ಕಣ್ಣು ಚುರುಕು. ಬೆಕ್ಕು, ಕೋತಿಗಳ ನೋಟದ ತೊಗಟೆಯಲ್ಲಿ ಒಂದೇ ಓರೆಯ ಗೆರೆಗೆ ಸ್ಪಂದಿಸುವ ನರಕೋಶಗಳು ಸಾಲುಸಾಲಾಗಿ ಕೂಡಿಕೊಂಡಿರುತ್ತವೆ. ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಇದನ್ನು ಕಂಡುಹಿಡಿದ ಮೇಲೆ ಒಳ್ಳೆಯ ನೋಟಕ್ಕೆ ಇಂಥ ವ್ಯವಸ್ಥೆ ಬೇಕೇ ಬೇಕು ಎಂಬ ನಂಬಿಕೆ ಬೇರೂರಿತು. 2005ರಲ್ಲಿ ಅಮೆರಿಕದ ಬೂದು ಅಳಿಲನ್ನು ಪರೀಕ್ಷಿಸಿದಾಗ ಗೆರೆಯ ಓರೆಯನ್ನು ಗುರುತಿಸುವ ನರಕೋಶಗಳು ಧಾರಾಳವಾಗಿದ್ದವು, ಆದರೆ ಸಾಲುಗಳಿರಲಿಲ್ಲ. ಉಪ್ಪು ಮೆಣಸಿನಪುಡಿ ಬೆರೆಸಿದಂತೆ ಎಲ್ಲವೂ ಕಲಸಿಕೊಂಡಿದ್ದವು, ಇಲಿಗಳಲ್ಲಿರುವಂತೆಯೇ. ಅಳಿಲು ದಂಶಕಗಳ ವಂಶದ್ದು. ವಂಶದ ಹಳೆಯ ತಂತಿಯಲ್ಲೇ ಹೊಸ ಬದುಕನ್ನು ಸಾಗಿಸಿದೆ, ಚೆನ್ನಾಗಿಯೇ.

ಮಂಗನ ಕೈಯಲ್ಲಿ ಮಾಣಿಕ್ಯ ಎಂಬ ಗಾದೆ ಮಂಗನಿಗೆ ಮಾಣಿಕ್ಯದ ಬೆಲೆ ತಿಳಿಯದೆಂದು ಹೇಳುತ್ತದೆ, ಅದು ಸರಿಯಿರಬಹುದು. ಕೈಯ ಬಗ್ಗೆ ಮಾತ್ರ ಗಾದೆಗೆ ಏನೂ ಗೊತ್ತಿಲ್ಲ. ಮಂಗ, ಸಿಂಗಳೀಕಗಳೆಲ್ಲ ಸೇರುವ ಮಕಾಕ್ ಕುಲದಲ್ಲಿ ಮಿದುಳ ತೊಗಟೆಯಿಂದ ಹೊರಟ ಕೆಲವು ತಂತಿಗಳು ಬೆನ್ನುಹುರಿಯಲ್ಲಿ ನಡುವಿನ ದಲ್ಲಾಳಿಗಳನ್ನು ಬಿಟ್ಟು ಬೆರಳಾಡಿಸುವ ನರಕೋಶಗಳನ್ನು ನೇರವಾಗಿ ಮುಟ್ಟುತ್ತವೆ. ಲಾರೆನ್ಸ್ ಮತ್ತು ಕೈಪರ್ಸ್ 1968ರಲ್ಲಿ ರೀಸಸ್ ಕೋತಿಗಳ ಈ ದಾರಿಯನ್ನು ಕತ್ತರಿಸಿದಾಗ ಅವು ನಡೆದವು, ಹತ್ತಿದವು. ಒಂದೊಂದೇ ಬೆರಳಿನಿಂದ ಗುಂಡಿಯೊಳಗಿನ ತಿಂಡಿ ತೆಗೆಯುವ ಕಲೆ ಮಾತ್ರ ಹೋಯಿತು. ಪಶ್ಚಿಮ ಘಟ್ಟದ ಸಿಂಗಳೀಕ ಕಂಬಳಿಹುಳುವನ್ನು ಎಲೆಯಲ್ಲಿ ಹಿಡಿದು ಉಜ್ಜಿ, ತುರಿಸುವ ರೋಮ ಕಳೆದು ತಿನ್ನುವುದನ್ನು ಎಂಬತ್ತರ ದಶಕದಲ್ಲೇ ದಾಖಲಿಸಲಾಗಿದೆ. 2019ರಲ್ಲಿ ಅದರ ಹೆಸರಿನಲ್ಲೇ ಘೋಷಣೆಯಾದ ಶರಾವತಿ ಕಣಿವೆಯ 930 ಚದರ ಕಿಲೋಮೀಟರ್ ಅಭಯಾರಣ್ಯದ ಮರಗಳ ಮೇಲೆ ಅಂಥ ಬೆರಳುಗಳು ಓಡಾಡುತ್ತಿವೆ. ಅದೇ ಕಾಡಿನ ಮುಸಿಯಗಳ ಹೆಬ್ಬೆರಳು ಗಿಡ್ಡ. ಎಲೆ ಕಿತ್ತು ಬಾಯಿಗೆ ತುಂಬಿಕೊಳ್ಳುವ ಬದುಕಿಗೆ ಅಷ್ಟು ಸಾಕು. ದಕ್ಷಿಣ ಅಮೆರಿಕದಲ್ಲಿ ಕಪುಚಿನ್ ಕೋತಿಗೆ ಈ ನೇರ ತಂತಿ ಸಮೃದ್ಧ, ಅದರ ಬಂಧು ಅಳಿಲುಕೋತಿಗೆ ತೀರಾ ವಿರಳ. ಕಪುಚಿನ್ ಬೆರಳಿನಿಂದ ಹೆಕ್ಕುತ್ತದೆ, ಅಳಿಲುಕೋತಿ ಅಂಗೈಯಲ್ಲಿ ಬಾಚುತ್ತದೆ.

ಈ ನೇರ ತಂತಿ ವಿಕಾಸದಲ್ಲಿ ಬಂದ ಬಗೆ ಮಹಡಿಯ ಸಿದ್ಧಾಂತಕ್ಕೆ ಸಲ್ಲದು. ಯುಟಾಕ ಯೋಶಿದಾ ತಂಡ 2017ರಲ್ಲಿ ಕಂಡಂತೆ ಇಲಿಮರಿಗಳಲ್ಲೂ ಹುಟ್ಟಿದ ಹೊಸತರಲ್ಲಿ ಈ ತಂತಿಗಳಿರುತ್ತವೆ. ಬೆಳೆಯುತ್ತ ಹೋದಂತೆ ಪ್ಲೆಕ್ಸಿನ್‌ಎ1 ಎಂಬ ಪ್ರೋಟೀನಿನ ಸಂಕೇತದಿಂದ ಅವು ಕತ್ತರಿಸಿಹೋಗುತ್ತವೆ. ಆ ಸಂಕೇತವನ್ನು ತಡೆದಾಗ ತಂತಿಗಳು ಉಳಿದವು; ಅಂಥ ಇಲಿಗಳು ತಿಂಡಿಯನ್ನು ಮುಂಗಾಲಿನಲ್ಲಿ ಹೆಚ್ಚು ನಾಜೂಕಾಗಿ ಹಿಡಿದವು. ತೋಟದ ಮಾತಿನಲ್ಲಿ ಹೇಳುವುದಾದರೆ ಇದು ಕಪಾತಿನ ವ್ಯತ್ಯಾಸ. ಇಲಿಯಲ್ಲಿ ಕಪಾತು ಮಾಡಿದ ಕೊಂಬೆಯನ್ನು ಕೋತಿಯಲ್ಲಿ ಹಾಗೇ ಬಿಡಲಾಗಿದೆ. ಹೊಸ ಮಹಡಿ ಯಾವುದನ್ನೂ ಯಾರೂ ಎಬ್ಬಿಸಲಿಲ್ಲ.

ಕೊನೆಯ ಆಕ್ಷೇಪ ಒಂದು ಉಳಿಯುತ್ತದೆ: ಮಾತು. ಏಣಿಯವರ ಭದ್ರಕೋಟೆ ಅದು. ಮಾತಿಗೆ ಸಂಬಂಧಿಸಿದ ಮುಂಭಾಗ ಮತ್ತು ಕಿವಿಯ ಪಕ್ಕದ ಭಾಗಗಳನ್ನು ಜೋಡಿಸುವ ಆರ್ಕುವೇಟ್ ಎಂಬ ಕಮಾನಿನ ನರಕಟ್ಟು ಮನುಷ್ಯನಲ್ಲಿ ಬಹು ದಪ್ಪ; ಕಿವಿಯ ಪಕ್ಕದ ಹಾಲೆಯ ಆಳಕ್ಕೆ ಇಳಿಯುತ್ತದೆ. ಇದು ನಿಜ, ಮುಖ್ಯವೂ ಹೌದು. ಆದರೆ ಜೇಮ್ಸ್ ರಿಲಿಂಗ್ ತಂಡ 2008ರಲ್ಲಿ ಹೋಲಿಸಿ ನೋಡಿದಾಗ ಚಿಂಪಾಂಜಿಯಲ್ಲೂ ಮಕಾಕ್‌ನಲ್ಲೂ ಅದೇ ಕಟ್ಟಿನ ತೆಳು ರೂಪ ಸಿಕ್ಕಿತು. ಇದ್ದ ಹಾದಿಯೇ ಅಗಲವಾಗಿ, ಇನ್ನಷ್ಟು ಊರುಗಳಿಗೆ ಚಾಚಿದೆ. ಗಂಟಲಿನ ಪೆಟ್ಟಿಗೆಯನ್ನು ಆಡಿಸುವ ನರಕೋಶಗಳಿಗೆ ತೊಗಟೆಯಿಂದ ನೇರ ತಂತಿ ಇರುವುದು ಮನುಷ್ಯನ ಇನ್ನೊಂದು ಹೆಗ್ಗಳಿಕೆ. ಕೋತಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅವುಗಳ ಕೂಗು ಕಲಿತು ಬದಲಾಗುವುದು ಅಪರೂಪ.

ಆದರೆ ಆ ನೇರ ತಂತಿ 2024ರಲ್ಲಿ ಈಜಿಪ್ಟಿನ ಹಣ್ಣುಬಾವಲಿಯಲ್ಲಿ ಪತ್ತೆಯಾಯಿತು. ಗುಂಪಿನಲ್ಲಿ ಕೇಳಿ ಕೇಳಿ ಕೂಗು ಬದಲಿಸಿಕೊಳ್ಳುವ ಪ್ರಾಣಿ ಅದು. ಅದೇ ಕುಲದ ಲೆಶೆನಾಲ್ಟ್ ಬಾವಲಿ ದಕ್ಷಿಣ ಭಾರತದ ಗವಿಗಳಲ್ಲಿ, ಪಾಳುಕಟ್ಟಡಗಳಲ್ಲಿ ಗುಂಪುಗುಂಪಾಗಿ ಜೋತಾಡುತ್ತದೆ. ಕತ್ತಲಾದ ಮೇಲೆ ನಾಲಿಗೆಯಿಂದ ಟಕಟಕ ಸದ್ದು ಮಾಡಿ ದಾರಿ ತಿಳಿದುಕೊಳ್ಳುತ್ತ ಹಣ್ಣಿನ ಮರಗಳಿಗೆ ಹೊರಡುತ್ತದೆ.